ಒಂದು ಗುಳಿಗೆ, ಎರಡು ಲಿವರ್: ಜೀಪಿನ ‘ಲೋ’ ಗೇರಿನ ಕಥೆ

ಈ ವಾರದ ವಿಷಯ ಒಂದು ಸಣ್ಣ ಉಕ್ಕಿನ ತುಂಡು. ಮಾತ್ರೆಯಷ್ಟೇ ಸೈಜು, ನೋಡೋಕೂ ಮಾತ್ರೆ ಥರಾನೇ. ಇಂಗ್ಲಿಷಿನ ಮೆಕ್ಯಾನಿಕ್‌ಗಳು ಅದನ್ನ ‘ಪಿಲ್’ ಅಂತಾರೆ. ನಾನು ಗುಳಿಗೆ ಅಂತೀನಿ. ಹಳೇ ಜೀಪುಗಳ ಗೇರ್‌ಬಾಕ್ಸ್ ಹಿಂದೆ ಇನ್ನೊಂದು ಡಬ್ಬ ಇರುತ್ತೆ, ಟ್ರಾನ್ಸ್‌ಫರ್ ಕೇಸ್. ಈ ಗುಳಿಗೆ ಅದರ ಒಳಗೆ, ಎರಡು ಸರಳುಗಳ ಮಧ್ಯೆ ಕೂತಿರುತ್ತೆ.

ಇದು ನನ್ನ ತಲೆಗೆ ಬಂದಿದ್ದು ಮನೆ ಜಗಳದಿಂದ. ನಮ್ಮ ದೊಡ್ಡಪ್ಪ ಹೊಸನಗರದ ಕಡೆಯವರು. ಕೊಡಚಾದ್ರಿ ಹತ್ತೋ ಪ್ರವಾಸಿಗರನ್ನ ಜೀಪಲ್ಲಿ ಕರ್ಕೊಂಡು ಹೋಗಿ ವರ್ಷಗಟ್ಟಲೆ ಜೀವನ ಮಾಡಿದೋರು. ಆ ದಾರಿ ನೋಡಿದೋರಿಗೆ ಗೊತ್ತು, ಅದು ದಾರಿ ಅಲ್ಲ, ನೀರು ಹರಿದು ಮಾಡಿಕೊಂಡ ಕೊರಕಲು. ಈಗ ಜೀಪು ಅವರ ಮಗನ ಕೈಲಿದೆ, ಅಂದ್ರೆ ನಮ್ಮ ಅಣ್ಣನ ಕೈಲಿ. ಅಣ್ಣನಿಗೆ ಆಸೆ: ಟ್ರಾನ್ಸ್‌ಫರ್ ಕೇಸ್ ಬಿಚ್ಚಿಸಿ ಆ ಗುಳಿಗೆ ತೆಗೆಸಬೇಕು, ಆಮೇಲೆ ದುಡ್ಡು ಕೂಡಿದರೆ ಒಳಗಿನ ಗೇರ್ ಸೆಟ್ಟನ್ನೇ ಬದಲಿಸಬೇಕು. ದೊಡ್ಡಪ್ಪ ಒಂದೇ ಮಾತು ಹೇಳಿದರು: “ಅದನ್ನ ಮುಟ್ಟಿದ್ರೆ ನಾ ಆ ಜೀಪು ಹತ್ತೋದಿಲ್ಲ ಮಾರಾಯ.” ಯಾಕೆ ಅಂತ ಅವತ್ತು ಹೇಳಲಿಲ್ಲ. ನಾನು ಬಿ.ಕಾಂ. ಓದಿದೋನು, ಸ್ಪ್ಯಾನರ್ ಹಿಡಿಯೋಕೆ ಬರಲ್ಲ, ಆದರೆ ಲೆಕ್ಕ ಬರುತ್ತೆ. ಹಾಗಾಗಿ ಇತಿಹಾಸದಿಂದ ಶುರು ಮಾಡಿದೆ.

ಮೊದಲು ಆ ಡಬ್ಬ ಏನು ಮಾಡುತ್ತೆ ಅಂತ ಎರಡು ಮಾತು. ಇಂಜಿನ್ ತಿರುಗೋ ಬಲ ಗೇರ್‌ಬಾಕ್ಸಿಗೆ ಬರುತ್ತೆ, ಅಲ್ಲಿಂದ ಟ್ರಾನ್ಸ್‌ಫರ್ ಕೇಸಿಗೆ. ಇದರ ಕೆಲಸ ಎರಡು. ಒಂದು, ಬಲವನ್ನ ಹಿಂದಿನ ಆಕ್ಸಲ್‌ಗಷ್ಟೇ ಕೊಡಬೇಕಾ ಅಥವಾ ಮುಂದಿನದಕ್ಕೂ ಕೊಡಬೇಕಾ ಅಂತ ನಿರ್ಧರಿಸೋದು. ಇನ್ನೊಂದು, ಎಲ್ಲ ಗೇರುಗಳನ್ನೂ ಒಟ್ಟಿಗೆ ಇನ್ನಷ್ಟು ನಿಧಾನ, ಇನ್ನಷ್ಟು ಬಲ ಮಾಡೋದು. ಅದೇ ‘ಲೋ’. ಸೈಕಲ್ಲಲ್ಲಿ ಏರು ಹತ್ತುವಾಗ ಹಿಂದೆ ದೊಡ್ಡ ಹಲ್ಲಿನ ಚಕ್ರಕ್ಕೆ ಚೈನ್ ಹಾಕ್ತೀರಲ್ಲ, ಅದೇ ಲೆಕ್ಕ. ಹಳೇ ಜೀಪಲ್ಲಿ ಈ ಎರಡು ಕೆಲಸಕ್ಕೆ ಎರಡು ಬೇರೆ ಬೇರೆ ಲಿವರ್. ಗೇರಿನದೂ ಸೇರಿ ನೆಲದಲ್ಲಿ ಮೂರು ಕೋಲು ನಿಂತಿರುತ್ತವೆ. ಚಿಕ್ಕವನಿದ್ದಾಗ ನನಗೆ ಅವು ಎತ್ತಿನ ಗಾಡಿಯ ಗೂಟಗಳ ಥರ ಕಾಣ್ತಿದ್ದವು.

ನಾಲ್ಕೂ ಚಕ್ರಕ್ಕೆ ಬಲ ಕೊಡೋ ಐಡಿಯಾ ಜೀಪಿಗಿಂತ ಹಳೆಯದು. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಕ್ಲಿಂಟನ್‌ವಿಲ್ ಅನ್ನೋ ಸಣ್ಣ ಊರಲ್ಲಿ ಆಟೋ ಝಾಖೋ ಮತ್ತು ವಿಲಿಯಂ ಬೆಸರ್‌ಡಿಕ್ ಅನ್ನೋ ಇಬ್ಬರು 1908ರಲ್ಲೇ ಅದಕ್ಕೆ ಪೇಟೆಂಟ್ ಪಡೆದಿದ್ದರು. ಮೊದಲನೇ ಮಹಾಯುದ್ಧದಲ್ಲಿ ಇಂಥ ಲಾರಿಗಳು ಕೆಸರಲ್ಲಿ ಓಡಿದವು. ಆದರೆ ಅವೆಲ್ಲ ದೊಡ್ಡ ಗಾಡಿಗಳು. ಜೀಪಿಗೆ ಈ ಯಂತ್ರ ಇಳಿದದ್ದು 1940ರಲ್ಲಿ.

ಆ ವರ್ಷದ ಜುಲೈ ಕಥೆ ಸಿನಿಮಾ ಥರ ಇದೆ. ಯುರೋಪಲ್ಲಿ ಫ್ರಾನ್ಸ್ ಬಿದ್ದಾಗಿತ್ತು. ಅಮೆರಿಕನ್ ಸೈನ್ಯ 135 ಕಂಪನಿಗಳಿಗೆ ಪತ್ರ ಹಾಕಿತು: ಹಗುರವಾದ, ನಾಲ್ಕು ಚಕ್ರಕ್ಕೂ ಬಲ ಇರೋ ಗಾಡಿ ಬೇಕು, 49 ದಿನದಲ್ಲಿ ಮೊದಲ ಗಾಡಿ ತಂದು ನಿಲ್ಲಿಸಬೇಕು. ಮುಂದೆ ಬಂದದ್ದು ಎರಡೇ ಕಂಪನಿ, ಬ್ಯಾಂಟಮ್ ಮತ್ತು ವಿಲ್ಲಿಸ್. ಬ್ಯಾಂಟಮ್ ಪೆನ್ಸಿಲ್ವೇನಿಯಾದ ಬಟ್ಲರ್ ಊರಿನ, ಹೆಚ್ಚುಕಮ್ಮಿ ದಿವಾಳಿಯಾಗಿದ್ದ ಪುಟ್ಟ ಕಂಪನಿ. ಅದು ಕಾರ್ಲ್ ಪ್ರಾಬ್ಸ್ಟ್ ಅನ್ನೋ ಇಂಜಿನಿಯರನ್ನ ಕರೆಸಿಕೊಂಡಿತು. ಅವರು ಕೆಲವೇ ದಿನಗಳಲ್ಲಿ ನಕ್ಷೆ ಮುಗಿಸಿದರು. ಸೆಪ್ಟೆಂಬರ್ 23ರಂದು, ಗಡುವಿನ ಕೊನೇ ದಿನ, ಗಾಡಿ ಮೇರಿಲ್ಯಾಂಡಿನ ಕ್ಯಾಂಪ್ ಹೋಲಾಬರ್ಡ್ ಗೇಟಿನ ಒಳಗೆ ಹೋಯಿತು.

ಇಲ್ಲಿ ನಮಗೆ ಬೇಕಾದ ಮಾತು: ಅಷ್ಟು ಕಡಿಮೆ ದಿನದಲ್ಲಿ ಆಕ್ಸಲ್ ಎಲ್ಲಿಂದ ತರೋದು? ಸ್ಪೈಸರ್ ಅನ್ನೋ ಕಂಪನಿ ಸ್ಟುಡಿಬೇಕರ್ ಚಾಂಪಿಯನ್ ಅನ್ನೋ ಕಾರಿನ ಆಕ್ಸಲ್ಲನ್ನೇ ತಿದ್ದಿ ಕೊಟ್ಟಿತು. ಅಂದ್ರೆ ಯುದ್ಧದ ಗಾಡಿಯ ಮೂಲದಲ್ಲಿ ಇದ್ದದ್ದು ಸಂಸಾರದ ಕಾರಿನ ಆಕ್ಸಲ್. ಆಮೇಲೆ ವಿಲ್ಲಿಸ್ ಮತ್ತು ಫೋರ್ಡ್ ಸೇರಿ 6 ಲಕ್ಷಕ್ಕೂ ಹೆಚ್ಚು ಜೀಪು ಮಾಡಿದವು. ಅವುಗಳ ಟ್ರಾನ್ಸ್‌ಫರ್ ಕೇಸಿನ ಹೆಸರು ಸ್ಪೈಸರ್ 18.

ಈಗ ನನ್ನ ಲೆಕ್ಕ. ಕ್ಯಾಲ್ಕ್ಯುಲೇಟರ್ ತೆಗೀರಿ, ಬೇಕಾದ್ರೆ ಪಾಸ್ ಮಾಡಿ.

ಯುದ್ಧದ ಜೀಪಿನ ಇಂಜಿನ್ ಕೊಡ್ತಿದ್ದ ತಿರುಗುಬಲ ಸುಮಾರು 142 ನ್ಯೂಟನ್ ಮೀಟರ್. ಇವತ್ತಿನ ಸಾಧಾರಣ ಪೆಟ್ರೋಲ್ ಕಾರಿನಷ್ಟು. ಫಸ್ಟ್ ಗೇರಿನ ಅನುಪಾತ 2.66, ಆಕ್ಸಲ್ಲಿನದು 4.88. ಗುಣಿಸಿದರೆ 13. ಅಂದ್ರೆ ಮಾಮೂಲಿ ಫಸ್ಟ್ ಗೇರಲ್ಲಿ ಹಿಂದಿನ ಆಕ್ಸಲ್ಲಿಗೆ ಬರೋ ಬಲ ಇಂಜಿನ್ನಿನ 13 ಪಟ್ಟು. ಈಗ ‘ಲೋ’ ಹಾಕಿ. ಸ್ಪೈಸರ್ 18ರ ಯುದ್ಧಕಾಲದ ಅನುಪಾತ 1.97. ಹತ್ರ ಹತ್ರ 2. ಬಲ ದುಪ್ಪಟ್ಟಾಗಿ 25 ಪಟ್ಟು ದಾಟುತ್ತೆ. ಆದರೆ ಮುಂದಿನ ಆಕ್ಸಲ್ ಕೂಡ ಜೊತೆಗಿದ್ದರೆ ಆ ಬಲ ಇಬ್ಬರಿಗೆ ಹಂಚಿಹೋಗುತ್ತೆ. ಸಮ ಪಾಲು ಅಂದುಕೊಂಡರೆ ಒಬ್ಬೊಬ್ಬರಿಗೆ ಮತ್ತೆ 13 ಪಟ್ಟೇ.

ಸ್ವಲ್ಪ ನಿಂತು ನೋಡಿ. ‘ಲೋ’ ಹಾಕಿದರೂ ಹಿಂದಿನ ಆಕ್ಸಲ್ಲಿನ ಮೇಲೆ ಬೀಳೋ ಹೊರೆ ಹೆಚ್ಚಾಗಲಿಲ್ಲ! ಸಾಲ ದುಪ್ಪಟ್ಟು ಮಾಡಿದ್ರು, ಆದರೆ ಜೊತೆಗೆ ಒಬ್ಬ ಪಾಲುದಾರನನ್ನೂ ಸೇರಿಸಿದ್ರು. ಈಗ ಆ ಪಾಲುದಾರ ಇಲ್ಲದೇ ಡ್ರೈವರ್ ‘ಲೋ’ ಹಾಕಿಬಿಟ್ಟರೆ? ಇಡೀ 25 ಪಟ್ಟು ಒಬ್ಬನ ತಲೆ ಮೇಲೆ. ಕಾರಿನ ವಂಶದ ಆ ಆಕ್ಸಲ್ ಮೇಲೆ.

ಅದಕ್ಕೇ ಗುಳಿಗೆ. ಟ್ರಾನ್ಸ್‌ಫರ್ ಕೇಸಲ್ಲಿ ಎರಡು ಲಿವರಿಗೆ ಎರಡು ಸರಳು, ಅಕ್ಕಪಕ್ಕ ಜಾರುತ್ತವೆ. ಅವುಗಳ ಮಧ್ಯದ ತೂತಲ್ಲಿ ಈ ತುಂಡು. ಒಂದು ಸರಳಿನ ಗುಂಡಿಯಿಂದ ಇನ್ನೊಂದರ ಗುಂಡಿಗೆ ಅದು ಜರುಗಬೇಕು. ಮುಂದಿನ ಆಕ್ಸಲ್ ಸೇರಿಸದೇ ಇದ್ದರೆ ಗುಳಿಗೆಗೆ ಜರುಗೋಕೆ ಜಾಗ ಇಲ್ಲ, ಹಾಗಾಗಿ ‘ಲೋ’ ಲಿವರ್ ಎಷ್ಟು ಎಳೆದರೂ ಬರಲ್ಲ. ಕರೆಂಟಿಲ್ಲ, ಸೆನ್ಸರ್ ಇಲ್ಲ. ಹತ್ತೊಂಬತ್ತು ವರ್ಷದ ಹುಡುಗನೊಬ್ಬ ಗುಂಡಿನ ಸದ್ದಿನ ಮಧ್ಯೆ ಗಾಬರಿಯಲ್ಲಿ ಲಿವರ್ ಎಳೆದರೂ ತಪ್ಪು ಆಗಬಾರದು, ಅಷ್ಟೇ ಉದ್ದೇಶ.

ಯುದ್ಧ ಮುಗೀತು. 1945ರಲ್ಲಿ ವಿಲ್ಲಿಸ್ ಕಂಪನಿ ಸಿಜೆ-2ಎ ಅನ್ನೋ ಸಿವಿಲ್ ಜೀಪು ತಂದಿತು. ಮಾರಾಟದ ಗುರಿ ರೈತರು. ನೇಗಿಲು ಎಳೆಯೋಕೆ ಜೀಪು, ಪೇಟೆಗೆ ಹೋಗೋಕೂ ಅದೇ ಜೀಪು. ನೇಗಿಲು ಎಳೀಬೇಕಂದ್ರೆ ಇನ್ನೂ ನಿಧಾನ ಬೇಕು. ಅದಕ್ಕೆ ‘ಲೋ’ ಅನುಪಾತವನ್ನ 2.46ರ ಹತ್ತಿರಕ್ಕೆ ಏರಿಸಿದರು, ಆಕ್ಸಲ್ಲಿನದನ್ನ 5.38 ಮಾಡಿದರು. ಫಸ್ಟ್ ಗೇರ್ 2.80. ಮೂರನ್ನೂ ಗುಣಿಸಿದರೆ 37. ಆಫ್-ರೋಡ್ ಜನ ಇದನ್ನ ಕ್ರಾಲ್ ರೇಶಿಯೋ ಅಂತಾರೆ, ತೆವಳೋ ಅನುಪಾತ. ಚಕ್ರ ಒಂದು ಸುತ್ತು ತಿರುಗೋಕೆ ಇಂಜಿನ್ 37 ಸುತ್ತು. ಈ 37 ನೆನಪಿಟ್ಕೊಳ್ಳಿ.

ನಮ್ಮ ಕಡೆಗೂ ಇದೇ ಕಾಲಕ್ಕೆ ಜೀಪು ಬಂತು. 1945ರಲ್ಲಿ ಶುರುವಾದ ಮಹೀಂದ್ರ ಅಂಡ್ ಮೊಹಮ್ಮದ್ ಅನ್ನೋ ಉಕ್ಕಿನ ವ್ಯಾಪಾರದ ಕಂಪನಿ, ದೇಶ ವಿಭಜನೆ ಆದಮೇಲೆ 1948ರಲ್ಲಿ ಮಹೀಂದ್ರ ಅಂಡ್ ಮಹೀಂದ್ರ ಆಯಿತು. (ಆ ಮೊಹಮ್ಮದ್ ಅಂದ್ರೆ ಗುಲಾಂ ಮೊಹಮ್ಮದ್, ಪಾಕಿಸ್ತಾನದ ಮೊದಲ ಹಣಕಾಸು ಮಂತ್ರಿ ಆದರು. ಅದೇ ಬೇರೆ ಎಪಿಸೋಡ್.) 1940ರ ದಶಕದ ಕೊನೆಗೆ ಅವರು ವಿಲ್ಲಿಸ್ ಜೀಪುಗಳನ್ನ ಮುಂಬೈಯಲ್ಲಿ ಜೋಡಿಸೋಕೆ ಶುರು ಮಾಡಿದರು. ಮುಂದೆ ಸಿಜೆ-3ಬಿ ಮಾದರಿ ಇಲ್ಲಿ ದಶಕಗಟ್ಟಲೆ ತಯಾರಾಯಿತು. ಅಮೆರಿಕದಲ್ಲಿ ಅದರ ತಯಾರಿಕೆ 1968ಕ್ಕೆ ನಿಂತಿತ್ತು, ನಮ್ಮಲ್ಲಿ ಆಮೇಲೂ ಬಹಳ ಕಾಲ ನಡೀತು. ಹಾಗಾಗಿ ಚಿಕ್ಕಮಗಳೂರಿನ, ಕೊಡಗಿನ ಕಾಫಿ ತೋಟಗಳಲ್ಲಿ, ಮಾಂದಲಪಟ್ಟಿ ದಾರಿಯಲ್ಲಿ, ಕೊಡಚಾದ್ರಿಯ ಬುಡದಲ್ಲಿ ಓಡಿದ ಜೀಪುಗಳ ಹೊಟ್ಟೆಯಲ್ಲಿ ಇದ್ದದ್ದು 1940ರ ಅದೇ ಯೋಚನೆ.

ಈಗ ಮಾರ್ಪಾಡಿನ ಕಥೆ. ಮೊದಲ ಮಾರ್ಪಾಡು ಮಾಡಿದೋರು ಟ್ರಾನ್ಸ್‌ಫರ್ ಕೇಸನ್ನ ಮುಟ್ಟಲೇ ಇಲ್ಲ. ಯುದ್ಧದ ಜೀಪುಗಳು ಅಗ್ಗಕ್ಕೆ ಸಿಗ್ತಿದ್ದವು, ಜನ ಅವನ್ನ ರಸ್ತೆ ಮೇಲೆ ಓಡಿಸ್ತಿದ್ದರು. ಮುಂದಿನ ಆಕ್ಸಲ್ಲಿಗೆ ಬಲ ಇಲ್ಲದಿದ್ದರೂ ಅದರ ಒಳಗಿನ ಭಾಗ ಸುಮ್ಮನೆ ತಿರುಗ್ತಾ ಇರ್ತಿತ್ತು, ಪೆಟ್ರೋಲು ದಂಡ. 1948ರಲ್ಲಿ ಆರ್ಥರ್ ವಾರ್ನ್ ಅನ್ನೋರು ಚಕ್ರದ ಮಧ್ಯಕ್ಕೆ ಕೈಯಿಂದ ತಿರುಗಿಸೋ ಹಬ್ ಮಾಡಿದರು. ಬಿಡಿಸಿದರೆ ಚಕ್ರ ಸ್ವತಂತ್ರ, ಹಾಕಿದರೆ ಆಕ್ಸಲ್ಲಿಗೆ ಜೋಡಣೆ. ಒಳ್ಳೇದೇ. ಆದರೆ ಒಂದು ಪರಿಣಾಮ: ಹಬ್ ಬಿಡಿಸಿಟ್ಟು ಒಳಗೆ ಲಿವರ್ ಎಳೆದರೆ ‘ಲೋ’ ಆರಾಮಾಗಿ ಬೀಳುತ್ತೆ. ಗುಳಿಗೆಗೆ ಏನು ಗೊತ್ತು? ಮುಂದಿನ ಆಕ್ಸಲ್ ಜೊತೆಗಿದೆ ಅಂತಲೇ ಅದು ನಂಬಿರುತ್ತೆ. ನಿಜದಲ್ಲಿ ಬಲವೆಲ್ಲ ಹಿಂದಕ್ಕೆ. ಲೆಕ್ಕಪತ್ರದಲ್ಲಿ ಪಾಲುದಾರ ಇದ್ದಾನೆ, ಅಂಗಡೀಲಿ ಇಲ್ಲ.

ಮತ್ತೆ ಯಾಕೆ ಜನ ಎರಡು ಚಕ್ರದ ‘ಲೋ’ ಕೇಳ್ತಾರೆ? ಹುಚ್ಚಿಗಲ್ಲ, ಕಾರಣ ಇದೆ. ಕಾಫಿ ತೋಟದ ಸಿಮೆಂಟ್ ಕಣ ನೆನೆಸಿಕೊಳ್ಳಿ. ಟ್ರೈಲರ್ ಕಟ್ಟಿಕೊಂಡು ಇಂಚಿಂಚೇ ರಿವರ್ಸ್ ಹೋಗಬೇಕು. ನಾಲ್ಕು ಚಕ್ರ ಹಾಕಿದರೆ ತಿರುವಲ್ಲಿ ಮುಂದಿನ ಚಕ್ರ ಹೆಚ್ಚು ದೂರ ಹೋಗಬೇಕು, ಹಿಂದಿನದು ಕಡಿಮೆ. ಮಣ್ಣಲ್ಲಿ ಜಾರಿ ಸರಿಹೋಗುತ್ತೆ, ಸಿಮೆಂಟಲ್ಲಿ ಜಾರಲ್ಲ. ಗೇರುಗಳು ಬಿಗಿದುಕೊಳ್ತವೆ, ಸ್ಟೀರಿಂಗ್ ಕಲ್ಲಾಗುತ್ತೆ. ಅಲ್ಲಿ ಎರಡೇ ಚಕ್ರದ ‘ಲೋ’ ಇದ್ದರೆ ಕ್ಲಚ್ಚೂ ಉಳೀತು, ಸೊಂಟವೂ ಉಳೀತು. ಅಣ್ಣನ ವಾದ ಇದೇ. ಅದು ಸುಳ್ಳಲ್ಲ.

ಇಂಗ್ಲೆಂಡಿನ ಲ್ಯಾಂಡ್ ರೋವರ್ ಇದೇ ಪ್ರಶ್ನೆಗೆ ಬೇರೆ ಉತ್ತರ ಕೊಟ್ಟಿತು. 1950ರ ದಶಕದ ಗಾಡಿಗಳಲ್ಲಿ ಹಳದಿ ಗುಬಟಿನದೊಂದು, ಕೆಂಪು ಗುಬಟಿನದೊಂದು. ಹಳದಿ ಒತ್ತಿದರೆ ನಾಲ್ಕು ಚಕ್ರ. ಕೆಂಪು ಹಿಂದಕ್ಕೆ ಎಳೆದರೆ ‘ಲೋ’, ಜೊತೆಗೆ ನಾಲ್ಕು ಚಕ್ರ ತಾನಾಗೇ ಬೀಳುತ್ತೆ. ಜೀಪು “ಮೊದಲು ಅದು ಮಾಡು, ಆಮೇಲೆ ಇದು” ಅನ್ನುತ್ತೆ. ಲ್ಯಾಂಡ್ ರೋವರ್ “ನೀ ಬಿಡು, ನಾ ಮಾಡ್ತೀನಿ” ಅನ್ನುತ್ತೆ. ನನಗೆ ಜೀಪಿನ ದಾರಿಯೇ ಇಷ್ಟ, ಡ್ರೈವರಿಗೆ ತಾನೇನು ಮಾಡ್ತಿದೀನಿ ಅಂತ ಗೊತ್ತಾಗುತ್ತೆ.

ಮುಂದೆ ಜೀಪು ಕೂಡ ಬದಲಾಯಿತು. 1972ರಿಂದ ಸಿಜೆಗಳಿಗೆ ಡಾನಾ 20 ಅನ್ನೋ ಕೇಸ್ ಬಂತು, ಒಂದೇ ಲಿವರ್. 1980ರಿಂದ ಡಾನಾ 300, ‘ಲೋ’ 2.62. ತಮಾಷೆ ನೋಡಿ: ಕಂಪನಿ ಎರಡು ಲಿವರನ್ನ ಒಂದು ಮಾಡಿತು, ಜನ ಕಿಟ್ ತಂದು ಮತ್ತೆ ಎರಡು ಮಾಡಿಕೊಂಡರು. ‘ಟ್ವಿನ್ ಸ್ಟಿಕ್’ ಅಂತ ಅದರ ಹೆಸರು. ಈ ಕೇಸುಗಳಲ್ಲಿ ಒಂದೊಂದು ಸರಳು ಒಂದೊಂದು ಆಕ್ಸಲ್ಲನ್ನ ನೋಡಿಕೊಳ್ಳುತ್ತೆ. ಹಾಗಾಗಿ ಎರಡು ಲಿವರ್ ಹಾಕಿ, ಒಳಗಿನ ಗುಳಿಗೆ ತೆಗೆದರೆ ಹಿಂದಿನದನ್ನ ಬಿಟ್ಟು ಮುಂದಿನ ಚಕ್ರಕ್ಕಷ್ಟೇ ‘ಲೋ’ ಕೊಡಬಹುದು. ಬಂಡೆಗಳ ಮಧ್ಯೆ ಸಿಕ್ಕಾಗ ಮೂತಿ ಎಳೆದುಕೊಂಡು ತಿರುಗೋಕೆ ಅದು ಉಪಯೋಗ. ಆದರೆ ಕಾವಲು ಪೂರ್ತಿ ತೆಗೆದವನು ಒಂದು ಆಕ್ಸಲ್ಲನ್ನ ‘ಹೈ’ಗೂ ಇನ್ನೊಂದನ್ನ ‘ಲೋ’ಗೂ ಹಾಕಬಹುದು. ಎರಡು ಎತ್ತು ಎರಡು ವೇಗದಲ್ಲಿ ಹೋದರೆ ನೊಗ ಏನಾಗುತ್ತೆ? ಒಳಗೆ ಏನೋ ಒಂದು ಮುರಿದೇ ಮುರಿಯುತ್ತೆ.

ಈ ಹುಚ್ಚೆಲ್ಲ ಬೆಳೆದ ಜಾಗಗಳಲ್ಲಿ ದೊಡ್ಡದು ಕ್ಯಾಲಿಫೋರ್ನಿಯಾದ ರುಬಿಕಾನ್ ಟ್ರೇಲ್, ಸಿಯೆರಾ ನೆವಾಡಾ ಬೆಟ್ಟಗಳಲ್ಲಿ. 1953ರಲ್ಲಿ ಜಾರ್ಜ್‌ಟೌನ್ ಊರಿನವರು 55 ಜೀಪು ಸೇರಿಸಿಕೊಂಡು ಅಲ್ಲಿಂದ ತಾಹೋ ಸರೋವರದ ಕಡೆಗೆ ಹೊರಟರು, ಆ ಜಾತ್ರೆ ಇವತ್ತಿಗೂ ನಡೀತಿದೆ. ಬಂಡೆ ಹತ್ತೋಕೆ ದೊಡ್ಡ ಟೈರು ಬೇಕು. 28 ಇಂಚಿನ ಟೈರು ತೆಗೆದು 35 ಹಾಕಿದರೆ ಗೇರು ಕಾಲು ಭಾಗ ಎತ್ತರವಾದಂಗೆ, ಅಂದ್ರೆ ಬಲ ಕಮ್ಮಿ. ಅದನ್ನ ವಾಪಸ್ ತರೋಕೆ ಗೇರು ಬದಲಿಸಬೇಕು. ಆಕ್ಸಲ್ಲಿನ ಗೇರು ಬದಲಿಸಿದರೆ ರಸ್ತೆ ಮೇಲೂ ಇಂಜಿನ್ ಅರಚುತ್ತೆ. ಟ್ರಾನ್ಸ್‌ಫರ್ ಕೇಸಿನ ‘ಲೋ’ ಮಾತ್ರ ಬದಲಿಸಿದರೆ ರಸ್ತೆಯ ‘ಹೈ’ ಹಾಗೇ ಉಳಿಯುತ್ತೆ. ಅದಕ್ಕೇ ಎಲ್ಲರ ಕಣ್ಣು ಈ ಡಬ್ಬದ ಮೇಲೆ.

1980ರ ದಶಕದ ಟೊಯೋಟಾ ಪಿಕಪ್ ತಗೊಳ್ಳಿ. ಫಸ್ಟ್ ಗೇರ್ 3.95, ‘ಲೋ’ 2.28, ಆಕ್ಸಲ್ 4.10. ಗುಣಿಸಿ. 37! ನಲವತ್ತು ವರ್ಷ, ಬೇರೆ ಕಂಪನಿ, ಬೇರೆ ದೇಶ, ಅದೇ ಸಂಖ್ಯೆ. ನಾನು ಮೂರು ಸಲ ಗುಣಿಸಿ ನೋಡಿದೆ. ಕಾಕತಾಳೀಯ ಇರಬಹುದು, ಆದರೆ ಹಗುರ ಗಾಡಿಗೆ ಕಾರ್ಖಾನೆಯವರು ಸಾಕು ಅಂದುಕೊಂಡ ಜಾಗ ಅದು ಅನ್ಸುತ್ತೆ.

ಬಂಡೆ ಜನಕ್ಕೆ ಸಾಕಾಗಲಿಲ್ಲ. 1990ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಫ್ರೆಸ್ನೋದ ಮಾರ್ಲಿನ್ ಕ್ರಾಲರ್ ಅನ್ನೋ ಸಣ್ಣ ವರ್ಕ್‌ಶಾಪು ಒಂದು ಟೊಯೋಟಾ ಟ್ರಾನ್ಸ್‌ಫರ್ ಕೇಸಿನ ಮುಂಭಾಗವನ್ನ ಇನ್ನೊಂದರ ಮುಂದೆ ಜೋಡಿಸೋ ಕಿಟ್ಟನ್ನ ಜನಪ್ರಿಯ ಮಾಡಿತು. ಗುಜರಿಯಲ್ಲಿ ಸಿಗೋ ಮಾಲಿನಿಂದಲೇ ಆಗುತ್ತೆ. ಎರಡೂ ‘ಲೋ’ ಹಾಕಿದರೆ 2.28 ಗುಣಿಸು 2.28. ಕೂಡೋದಲ್ಲ, ಗುಣಿಸೋದು. ಚಕ್ರಬಡ್ಡಿ! 37 ಇದ್ದದ್ದು 84. ಅಲ್ಲಿಗೂ ನಿಲ್ಲಲಿಲ್ಲ, ಒಂದು ಡಬ್ಬಕ್ಕೆ 4.7ರ ಗೇರ್ ಸೆಟ್ ಕೂಡ ಬಂತು. ನೆಲದ ತುಂಬ ಲಿವರುಗಳು.

ನಮ್ಮ ಜಿಪ್ಸಿಯ ವಂಶದ ಸುಜುಕಿಗಳ ಕಥೆ ಬೇರೆ. ಅವುಗಳಲ್ಲಿ ಟ್ರಾನ್ಸ್‌ಫರ್ ಕೇಸ್ ಗೇರ್‌ಬಾಕ್ಸಿಗೆ ಅಂಟಿಕೊಂಡಿಲ್ಲ, ಹಿಂದೆ ಪ್ರತ್ಯೇಕವಾಗಿ ಕೂತಿರುತ್ತೆ, ಮಧ್ಯೆ ಗಿಡ್ಡ ಶಾಫ್ಟ್. ‘ಹೈ’ ಹಾಕಿದರೂ ಅದರಲ್ಲಿ ಸ್ವಲ್ಪ ಇಳಿಕೆ ಇದೆ. ವಿದೇಶದಲ್ಲಿ ಸಮುರಾಯ್ ಅಂತ ಮಾರಿದ ಗಾಡಿಯಲ್ಲಿ ‘ಹೈ’ 1.409, ‘ಲೋ’ 2.268. ಅದಕ್ಕಿಂತ ಹಳೇ, ಸಣ್ಣ ಇಂಜಿನ್ನಿನ ಎಸ್‌ಜೆ410ನಲ್ಲಿ 1.580 ಮತ್ತು 2.511. ದೊಡ್ಡ ಟೈರು ಹಾಕಿದ ಬಡ ಅಭಿಮಾನಿಗಳು ಹಳೇ ಗಾಡಿಯ ಡಬ್ಬವನ್ನ ಹೊಸದಕ್ಕೆ ಹಾಕಿ, ರಸ್ತೆಯಲ್ಲಿ ಶೇ. 12, ಕಾಡಲ್ಲಿ ಶೇ. 11ರಷ್ಟು ಲಾಭ ಮಾಡಿಕೊಂಡರು. ದುಡ್ಡಿದ್ದೋರು 4.16ರ ಗೇರ್ ಸೆಟ್ ಹಾಕಿಸಿದರು. ಕೊನೆಗೆ ಕಂಪನಿಗಳೇ ಸೋತು, 2003ರ ಜೀಪ್ ರ‍್ಯಾಂಗ್ಲರ್ ರುಬಿಕಾನ್‌ಗೆ ಕಾರ್ಖಾನೆಯಿಂದಲೇ 4ರ ‘ಲೋ’ ಕೊಟ್ಟರು. ಆದರೆ ಆಕ್ಸಲ್ಲುಗಳನ್ನೂ ಗಟ್ಟಿ ಮಾಡಿಯೇ ಕೊಟ್ಟರು, ಅದನ್ನ ಮರೀಬಾರದು.

ಯಾಕಂದ್ರೆ ಮೊದಲಿನ ಲೆಕ್ಕಕ್ಕೆ ವಾಪಸ್ ಬನ್ನಿ. 2ರ ‘ಲೋ’, ಇಬ್ಬರು ಪಾಲುದಾರರು, ಸಮ. 4ರ ‘ಲೋ’ ಹಾಕಿದರೆ ನಾಲ್ಕು ಚಕ್ರ ಇದ್ದರೂ ಪ್ರತಿ ಆಕ್ಸಲ್ಲಿಗೆ ದುಪ್ಪಟ್ಟು. ಗುಳಿಗೆ ಕೂಡ ತೆಗೆದು ಒಂದಕ್ಕೇ ಕೊಟ್ಟರೆ ನಾಲ್ಕು ಪಟ್ಟು. ಹಗುರ ಗಾಡಿಯಲ್ಲಿ ಸಾಮಾನ್ಯವಾಗಿ ಟೈರು ಜಾರಿ ಆಕ್ಸಲ್ ಬಚಾವಾಗುತ್ತೆ. ಟೈರು ದೊಡ್ಡದಾಗಿ, ಜನ ತುಂಬಿ, ಕಲ್ಲಿಗೆ ಕಚ್ಚಿಕೊಂಡರೆ ಜಾರಲ್ಲ.

ಇಲ್ಲಿಗೆ ಬಂದಾಗ ದೊಡ್ಡಪ್ಪನಿಗೆ ಫೋನ್ ಮಾಡಿದೆ. ಲೆಕ್ಕ ಎಲ್ಲ ಹೇಳಿದೆ. ಅವರು ಕೇಳಿಸಿಕೊಂಡು, “ಅದು ಸರಿ, ಹ್ಯಾಂಡ್‌ಬ್ರೇಕ್ ಎಲ್ಲಿರುತ್ತೆ ಹೇಳು ನೋಡಣ” ಅಂದರು.

ನನಗೆ ಗೊತ್ತಿರಲಿಲ್ಲ. ಹಳೇ ಜೀಪುಗಳಲ್ಲಿ ಹ್ಯಾಂಡ್‌ಬ್ರೇಕ್ ಚಕ್ರದಲ್ಲಿ ಇರಲ್ಲ. ಟ್ರಾನ್ಸ್‌ಫರ್ ಕೇಸಿನ ಹಿಂಭಾಗದಲ್ಲಿ, ಶಾಫ್ಟ್ ಶುರುವಾಗೋ ಜಾಗದಲ್ಲಿ ಒಂದು ಡ್ರಮ್ ಇರುತ್ತೆ, ಅಲ್ಲಿ ಹಿಡಿಯುತ್ತೆ. ಆ ಹಿಡಿತ ಚಕ್ರಕ್ಕೆ ತಲುಪೋದು ಆಕ್ಸಲ್ ಮೂಲಕ. ಆಕ್ಸಲ್ ಶಾಫ್ಟ್ ಒಂದು ಕಡೆ ತುಂಡಾದರೆ ಡಿಫರೆನ್ಶಿಯಲ್ ಬರೀ ಗಿರಗಿರ ತಿರುಗುತ್ತೆ. ಹ್ಯಾಂಡ್‌ಬ್ರೇಕ್ ಎಳೆದರೂ ಅಷ್ಟೇ, ಬಿಟ್ಟರೂ ಅಷ್ಟೇ. ಇಂಜಿನ್ ಕೂಡ ಹಿಡಿಯಲ್ಲ. ಆದರೆ ಮುಂದಿನ ಆಕ್ಸಲ್ ಸೇರಿಸಿದ್ದರೆ ಅದೇ ಡ್ರಮ್, ಅದೇ ಇಂಜಿನ್ ಮುಂದಿನ ಚಕ್ರಗಳನ್ನ ಹಿಡಿದಿರುತ್ತೆ. ಗುಳಿಗೆ ಕಾಯ್ತಿದ್ದದ್ದು ಬರೀ ಆಕ್ಸಲ್ಲನ್ನಲ್ಲ, ಜೀವವನ್ನೂ.

ಆಮೇಲೆ ಅವರು ಹೇಳಿದ್ದು ನನಗೆ ಹೊಸ ವಿಷಯ. ನಾನು ಹುಟ್ಟೋ ಮೊದಲಿನ ಒಂದು ಮಳೆಗಾಲ. ಯಾರೋ ಮೆಕ್ಯಾನಿಕ್ ಕ್ಲಚ್ ಪ್ಲೇಟ್ ಉಳೀತದೆ ಅಂತ ಹೇಳಿ ಗುಳಿಗೆ ತೆಗೆದುಕೊಟ್ಟಿದ್ದ. ಹಿಂದೆ ಎಂಟು ಜನ. ಒಂದು ಹಿಮ್ಮುರಿ ತಿರುವಲ್ಲಿ ಎರಡೇ ಚಕ್ರದ ‘ಲೋ’ದಲ್ಲಿ ಹತ್ತಿಸ್ತಿದ್ದರಂತೆ. ಹಿಂದಿನ ಚಕ್ರ ಒಮ್ಮೆ ಎಗರಿ ಕಲ್ಲಿನ ಮೇಲೆ ಕೂತಿದ್ದೇ ‘ಟಣ್’ ಅಂತು. ಜೀಪು ಹಿಂದಕ್ಕೆ ಜಾರೋಕೆ ಶುರು. ಹ್ಯಾಂಡ್‌ಬ್ರೇಕ್ ಎಳೆದರೆ ಏನೂ ಇಲ್ಲ. ಬ್ರೇಕು ಒದ್ದೆಯಾಗಿ ಅರ್ಧ ಹಿಡೀತು. ಒಂದು ಕಡೆ ಕಣಿವೆ, ಇನ್ನೊಂದು ಕಡೆ ಧರೆ. ಸ್ಟೀರಿಂಗ್ ತಿರುಗಿಸಿ ಹಿಂಬದಿಯನ್ನ ಧರೆಗೆ ಒತ್ತಿ ನಿಲ್ಲಿಸಿದರು. ಯಾರಿಗೂ ಏನೂ ಆಗಲಿಲ್ಲ. “ಮೂಲೆಲಿ ಕೂತಿದ್ದ ಅಜ್ಜಿಯೊಬ್ಬರು ಕುಂಕುಮದ ಪೊಟ್ಟಣ ಬಿಟ್ಟೇ ಇರಲಿಲ್ಲ” ಅಂದರು. ಮಾರನೇ ದಿನ ಪೇಟೆಗೆ ಹೋಗಿ ಶಾಫ್ಟಿನ ಜೊತೆ ಗುಳಿಗೇನೂ ಹೊಸದಾಗಿ ಹಾಕಿಸಿಕೊಂಡು ಬಂದರಂತೆ.

ಇದನ್ನ ಅಣ್ಣನಿಗೆ ಅವರು ಇಷ್ಟು ವರ್ಷ ಹೇಳಿರಲಿಲ್ಲ. ನಾಚಿಕೆಯಂತೆ.

ಕಾನೂನಿನ ವಿಷಯ ಕೇಳ್ತೀರಿ ಅಂತ ಗೊತ್ತು. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52 ಇದೆ. ತಯಾರಕರ ಮೂಲ ವಿವರಗಳಿಗೆ ವಿರುದ್ಧವಾಗಿ ಗಾಡಿ ಬದಲಿಸುವಂತಿಲ್ಲ ಅಂತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಬಾಡಿಗೆಗೆ ಜನ ಕೂರಿಸಿಕೊಂಡು ಹೋಗೋ ಜೀಪಲ್ಲಂತೂ ಈ ಸಾಹಸ ಬೇಡ. ಇನ್ಶೂರೆನ್ಸಿನವರು ಮೊದಲು ಹುಡುಕೋದೇ ಇಂಥ ನೆಪ. ಸ್ಪರ್ಧೆಗೆ ಅಂತಲೇ ಇಟ್ಟ, ಲಾರಿ ಮೇಲೆ ಹೊತ್ತುಕೊಂಡು ಹೋಗೋ ಗಾಡಿಯ ಮಾತು ಬೇರೆ. ಅಲ್ಲಿ ರೋಲ್ ಕೇಜ್ ಇರುತ್ತೆ, ಆಕ್ಸಲ್ ಬದಲಾಗಿರುತ್ತೆ, ಬ್ರೇಕು ಬದಲಾಗಿರುತ್ತೆ. ಅವರು ಗುಳಿಗೆ ತೆಗೆದರೆ ನನ್ನ ತಕರಾರಿಲ್ಲ.

ಅಣ್ಣ ಈ ಎಪಿಸೋಡಿನ ಸ್ಕ್ರಿಪ್ಟ್ ಮೊದಲೇ ಓದಿದಾನೆ. ಗೇರ್ ಸೆಟ್ಟಿಗೆ ಅಂತ ಕೂಡಿಟ್ಟ ದುಡ್ಡಲ್ಲಿ ಮೊದಲು ನಾಲ್ಕೂ ಚಕ್ರದ ಬ್ರೇಕು, ಹಿಂದಿನ ಎರಡು ಶಾಫ್ಟು ಅಂತ ಮೆಸೇಜ್ ಹಾಕಿದಾನೆ. ಸಿಮೆಂಟ್ ಕಣದ ಕಷ್ಟಕ್ಕೆ ಹಬ್ ಬಿಡಿಸಿಟ್ಟು ‘ಲೋ’ ಹಾಕ್ತಾನಂತೆ, ಮಟ್ಟಸ ಜಾಗದಲ್ಲಿ ಮಾತ್ರ, ಖಾಲಿ ಜೀಪಲ್ಲಿ ಮಾತ್ರ. ವಾಪಸ್ ಹಬ್ ಹಾಕೋಕೆ ಮರೆತರೆ ಅಂತ ದೊಡ್ಡಪ್ಪ ಕೇಳಿದಾರೆ. ಅದಕ್ಕೆ ಅವನು ಇನ್ನೂ ರಿಪ್ಲೈ ಮಾಡಿಲ್ಲ.